ಕೊಡೆಯೊಳಗಿನ ನೆಂಟ

ಕಾಸರಗೋಡಿನ ಮಕ್ಕಳಿಗೆ ಮಳೆಗಾಲದಲ್ಲಿ ಕಲೆಕ್ಟರೇ ದೇವರು. ರಾತ್ರಿ ಮಲಗುವ ಮುಂಚೆ "ನಾಳೆ ರಜೆ ಕೊಟ್ರಾ?" ಎಂದು ದೊಡ್ಡವರ ಮೊಬೈಲು ನೋಡಿಸಿಯೇ ಕಣ್ಣು ಮುಚ್ಚುವುದು. ಕೊಟ್ಟರೆ ಅವರಿಗೆ ಹಬ್ಬ. ಮರುದಿನ ಮೇಷ್ಟ್ರ ಕೆಲಸ ನಮ್ಮ ತಲೆಗೆ.

ಅಂಥದ್ದೇ ಒಂದು ರಜೆಯಲ್ಲಿ ಅಣ್ಣನ ಪುಟ್ಟ ಮಗಳು ಚಿತ್ರದ ಪುಸ್ತಕ ಹಿಡಿದು ಬಂದಳು. ಅದರಲ್ಲಿ ಕೆಂಪು ಕಣ್ಣಿನ ಹಸಿರು ಮರಗಪ್ಪೆ. "ಚಿಕ್ಕಪ್ಪ, ಇದು ನಮ್ಮ ತೋಟದಲ್ಲಿ ಎಲ್ಲಿದೆ?" ಅದು ಮಧ್ಯ ಅಮೆರಿಕದ ಮಳೆಕಾಡಿನದ್ದು, ಪೆರ್ಲದ ಬಸ್ಸು ಅಲ್ಲಿಗೆ ಹೋಗುವುದಿಲ್ಲ ಎಂದೆ. ಮುಖ ಸಪ್ಪಗಾಯಿತು. ನಮ್ಮ ಘಟ್ಟದ ಕಪ್ಪೆ ಏನು ಕಮ್ಮಿಯಾ? ಮಲಬಾರ್ ಹಾರುವ ಕಪ್ಪೆಗೆ ಬೆರಳುಗಳ ನಡುವಿನ ಪೊರೆಯೇ ಕೆಂಪು. ಅದನ್ನು ಅಗಲಿಸಿ ಮರದಿಂದ ಜಿಗಿದರೆ 9-12 ಮೀಟರ್ ದೂರ ತೇಲಿಕೊಂಡು ಹೋಗುತ್ತದೆ.

ತೋಟದ ಕೆರೆಗೆ ಕರೆದುಕೊಂಡು ಹೋದೆ. ನೀರಿನ ಮೇಲೆ ಬಾಗಿದ ಕೊಕ್ಕೊ ಎಲೆಯಲ್ಲಿ ಒಂದು ಮುಷ್ಟಿ ಬಿಳಿ ನೊರೆ. ಬೆನ್ನಿಗೇ ಬಂದ ಅಮ್ಮ, "ಕೆರೆ ಹತ್ರ ಸೋಪು ಹಾಕಿದ್ದು ಯಾರು?" ಎಂದು ಶುರು ಮಾಡಿದರು. ಅದು ಮರಗಪ್ಪೆಯ ಗೂಡು ಮಾರಾಯ್ರೇ! ಮೊಟ್ಟೆ ಇಡುವಾಗ ಹೆಣ್ಣು ತನ್ನ ಮೈಯಿಂದ ಬಂದ ದ್ರವವನ್ನು ಹಿಂಗಾಲಿನಲ್ಲಿ ಬಡಿದು ಬಡಿದು ನೊರೆ ಮಾಡುತ್ತದೆ. ಒಳಗೆ ಮೊಟ್ಟೆ ಒಣಗದೆ ಇರುತ್ತವೆ. ಮರಿಗಳು ಕೆಳಗಿನ ನೀರಿಗೆ ಪಟಪಟ ಬೀಳುತ್ತವೆ.

"ಅಜ್ಜಿ ಮಜ್ಜಿಗೆ ಕಡೆದ ಹಾಗೆ," ಎಂದಳು ಪುಟ್ಟಿ. ಅಮ್ಮನಿಗೆ ಇದು ಅಷ್ಟೇನೂ ಹಿಡಿಸಲಿಲ್ಲ.

ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಸೋಪು, ಎಣ್ಣೆ ಮೆತ್ತಿದ ಕೈಯಲ್ಲಿ ಮುಟ್ಟಬಾರದು ಎಂದೂ ಸೇರಿಸಿದೆ. ಮಕ್ಕಳು ನಾವು ಹೇಳಿದ್ದನ್ನು ಕೇಳುವುದಿಲ್ಲ ಅಂತಾರಲ್ಲ, ಸುಳ್ಳು. ಬೇಡದ ಹೊತ್ತಿಗೆ ಅಕ್ಷರ ಬಿಡದೆ ಕೇಳುತ್ತಾರೆ.

ಸಂಜೆ ಸೋದರಮಾವ ಚಾ ಕುಡಿದು ಹೊರಟರು. ಜಗಲಿಯ ಮೊಳೆಯಿಂದ ಕೊಡೆ ತೆಗೆದು ಅರ್ಧ ಬಿಡಿಸಿದ್ದಷ್ಟೇ, "ಅಯ್ಯಯ್ಯೋ!" ಒಳಗೆ ಕಡ್ಡಿಯ ಸಂದಿಯಲ್ಲಿ ಕಂದು ಬಣ್ಣದ ಮರಗಪ್ಪೆ, ದಿನಾ ಬಚ್ಚಲ ಗೋಡೆಯಲ್ಲಿ ಕೂರುವ ಜಾತಿಯದ್ದು. ಕಾಲು ಮಡಚಿ, ಹೊಟ್ಟೆ ಅಂಟಿಸಿ, ಬೆರಳ ತುದಿಯ ಗುಂಡು ಬಿಲ್ಲೆಗಳನ್ನು ಕಪ್ಪು ಬಟ್ಟೆಗೆ ಒತ್ತಿ ಹಿಡಿದಿತ್ತು. ಮಾವನ ಬೊಬ್ಬೆಗೂ ಅದು ಅಲುಗಲಿಲ್ಲ.

ಕೊಡೆ ಕೊಡವಲು ಹೋದರೆ ಪುಟ್ಟಿ ಅಡ್ಡ ನಿಂತಳು. "ಅಜ್ಜ, ಅದು ಹಗಲು ಮಲಗುವುದು. ಎಬ್ಬಿಸಬೇಡಿ." ಕೈಯಲ್ಲಿ ತೆಗೆಯಲು ನೋಡಿದರು. "ನಿಮ್ಮ ಕೈ ಮಂಡಿನೋವಿನ ಎಣ್ಣೆ ವಾಸನೆ! ಮುಟ್ಟಲೇಬೇಡಿ!" ಮಾವ ನನ್ನ ಮುಖ ನೋಡಿದರು. ನಾನು ಮಳೆ ನೋಡಿದೆ.

ಮನೆಯಲ್ಲಿ ಉಳಿದದ್ದು ಪುಟ್ಟಿಯ ಗುಲಾಬಿ ಕೊಡೆ, ಮೇಲೆ ಎರಡು ಮೊಲದ ಕಿವಿ. ಅದನ್ನು ಹಿಡಿದು ಬದಿಯಡ್ಕ ಪೇಟೆಯಲ್ಲಿ ಇಳಿಯಲು ಮಾವ ಒಪ್ಪಲಿಲ್ಲ. ಬಸ್ಸು ಹೋಯಿತು. ಅಮ್ಮ ಇನ್ನೊಂದು ಚಾಕ್ಕೆ ನೀರಿಟ್ಟರು. ಅಷ್ಟರಲ್ಲಿ ಅತ್ತೆಯ ಫೋನು.

"ಹೊರಡಬೇಕು ಮಾರಾಯ್ತಿ," ಎಂದರು ಮಾವ ತಗ್ಗಿದ ದನಿಯಲ್ಲಿ. "ಕೊಡೆ ಇನ್ನೂ ಖಾಲಿಯಾಗಲಿಲ್ಲ."