ಆರು ತಿಂಗಳೊಂದೇ ಅಳತೆಯಲ್ಲ
ಸಾವಿನ ನಂತರ ಆರು ತಿಂಗಳು ಕಳೆದರೂ ಅಳುವವರಿಗೆ ಚಿಕಿತ್ಸೆ ಬೇಕು ಎಂಬ ಲೇಖನದ ಮಾತನ್ನು ಒಪ್ಪಲಾರೆ. ದುಃಖವನ್ನು ಕಾಯಿಲೆ ಎನ್ನಲು ಕನಿಷ್ಠ ಆರು ತಿಂಗಳು ಕಳೆದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಹೇಳುವುದು ನಿಜ. ಆದರೆ ದುಃಖವು ಆ ಸಮಾಜದ ರೂಢಿಯನ್ನು ಮೀರಿರಬೇಕು, ದಿನನಿತ್ಯದ ಬದುಕನ್ನು ಕೆಡಿಸಿರಬೇಕು ಎಂದೂ ಅದೇ ಹೇಳುತ್ತದೆ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಂತೂ ವಯಸ್ಕರಿಗೆ ಒಂದು ವರ್ಷ ಕೊಡುತ್ತದೆ. ಅಪ್ಪ ಹೋದ ಮೇಲೆ ಅಮ್ಮ ಇಂದಿಗೂ ಅವರ ಕನ್ನಡಕ ಒರೆಸಿಡುತ್ತಾರೆ, ಹಬ್ಬದ ದಿನ ಕಣ್ಣೀರಿಡುತ್ತಾರೆ. ಹಾಲಿನ ಲೆಕ್ಕವನ್ನೂ ಬಿಟ್ಟಿಲ್ಲ, ಮೊಮ್ಮಗಳೊಂದಿಗೆ ನಗುವುದನ್ನೂ ಬಿಟ್ಟಿಲ್ಲ. ಇದು ಕಾಯಿಲೆಯೇ? ಆದರೆ ಮಗನನ್ನು ಕಳೆದುಕೊಂಡ ನಮ್ಮ ಚಿಕ್ಕಮ್ಮ ಊಟ, ಸ್ನಾನ ಬಿಟ್ಟು ಬಾಗಿಲನ್ನೇ ನೋಡುತ್ತ ಕುಳಿತಾಗ ‘ಕಾಲವೇ ಮದ್ದು’ ಎಂದು ನೆಂಟರು ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೆ ತಳ್ಳಿದರು. ಅಂಥವರ ಮನೆಯವರಿಗಾಗಿ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಲೇಖನದಲ್ಲಿ ಕೊಡಲೇಬೇಕಿತ್ತು.