ಏರ್ ಫಿಲ್ಟರ್ ಫ್ಯಾನ್ ಟರ್ಬೊ ಅಲ್ಲ

ಹಳೆ ಪದ್ಮಿನಿ ಕಾರಿನ ಏರ್ ಫಿಲ್ಟರ್ ಬಾಯಿಗೆ 12 ವೋಲ್ಟ್ ಫ್ಯಾನ್ ಕೂರಿಸಿದರೆ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಆಗುತ್ತದೆ ಎಂಬ ಮೆಸೇಜು ಮೈಸೂರು, ಮಂಡ್ಯದ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಆಗುವುದಿಲ್ಲ. 1089 ಸಿಸಿ ಎಂಜಿನ್ 5000 ಆರ್‌ಪಿಎಮ್‌ನಲ್ಲಿ ನಿಮಿಷಕ್ಕೆ ಸುಮಾರು 2,700 ಲೀಟರ್ ಗಾಳಿ ಎಳೆಯುತ್ತದೆ. ಅಷ್ಟು ಗಾಳಿಗೆ ಬರೀ 0.3 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಕೊಡಲು ಒಂದೂವರೆ ಕಿಲೋವ್ಯಾಟ್‌ಗೂ ಹೆಚ್ಚು ಶಕ್ತಿ ಬೇಕು. ನಿಜವಾದ ಟರ್ಬೊ ಅದನ್ನು ಎಂಜಿನ್ನಿನ ಬಿಸಿ ಹೊಗೆಯಿಂದಲೇ ಪಡೆಯುತ್ತದೆ.

ಫ್ಯಾನಿನ ಲೇಬಲ್ ನೋಡಿ, ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ: 12 ವೋಲ್ಟ್, 3 ಆಂಪಿಯರ್ ಅಂದರೆ 36 ವ್ಯಾಟ್, ಅಷ್ಟೇ. ಸದ್ದು ಕೇಳಿ ಪಿಕಪ್ ಬಂತು ಅನ್ನಿಸುವುದು ಸಹಜ. ಅನುಮಾನವಿದ್ದರೆ ಕಾರ್ಬುರೇಟರ್ ಕೆಳಗಿನ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ) ಒತ್ತಡ ತೋರಿಸುವ ಬೂಸ್ಟ್ ಗೇಜ್ ಜೋಡಿಸಿ. ಚಾಮುಂಡಿ ಬೆಟ್ಟದ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪಕ್ಕದವರು ಮುಳ್ಳು ನೋಡಲಿ. ಸೊನ್ನೆ ದಾಟದಿದ್ದರೆ ಬೂಸ್ಟ್ ಇಲ್ಲ. ಪಿಕಪ್ ನಿಜಕ್ಕೂ ಕಮ್ಮಿಯಾಗಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್, ಕಿಡಿ ಹಾರುವ ಟೈಮಿಂಗ್ ನೋಡಿಸಿ.