ತಾಯಿಯನ್ನು ಬೈದರೆ ಮಗು ಕೈ ತೊಳೆಯುವುದು ನಿಲ್ಲುವುದಿಲ್ಲ

ಈಗಷ್ಟೇ ನೆಂಟರ ಮನೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಅಲ್ಲೊಬ್ಬ 9 ವರ್ಷದ ಹುಡುಗ ನಲ್ಲಿ ಮುಂದೆ ನಿಂತಿದ್ದ. ಕೈ ತೊಳೆದ, ನಲ್ಲಿ ನಿಲ್ಲಿಸಿದ, ನಲ್ಲಿ ಮುಟ್ಟಿದೆನಲ್ಲ ಅಂತ ಮತ್ತೆ ತೊಳೆದ. ಬೆರಳ ಗೆಣ್ಣಿನ ಮೇಲೆ ಚರ್ಮ ಬಿರಿದು ಕೆಂಪಾಗಿತ್ತು. ಅವನಮ್ಮ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು: "ಎಲ್ಲಾ ನೀನೇ ಕಲಿಸಿದ್ದು. ಅದು ಮುಟ್ಟಬೇಡ, ಇದು ಮುಟ್ಟಬೇಡ ಅಂತ ಹೆದರಿಸಿ ಹೆದರಿಸಿ ಹೀಗಾಗಿದೆ." ಅವಳು ತಲೆ ಎತ್ತಲಿಲ್ಲ. ಟವೆಲ್ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಲ್ಲೇ ಕೂತಿದ್ದ ಅಪ್ಪನಿಗೆ ಯಾರೂ ಏನೂ ಅನ್ನಲಿಲ್ಲ. ಅನ್ನಬೇಕಿತ್ತು ಅಂತಲ್ಲ, ಅವನದೂ ತಪ್ಪಿಲ್ಲ.

ನಮ್ಮ ಮನೆಯಲ್ಲೂ ಇದೇ ಕತೆ. ಮಗಳಿಗಿರುವುದು ಗೀಳು ಕಾಯಿಲೆ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಸಿಡಿ, ಅಂತ ತಿಳಿಯುವ ಮೊದಲು ನಾನೂ ಇದೇ ಮಾತು ಕೇಳಿದ್ದೇನೆ. ನಂಬಿಯೂ ಇದ್ದೆ. ಡಾಕ್ಟರೂ ನನ್ನನ್ನೇ ಬೈಯುತ್ತಾರೆ ಅನ್ನುವ ಭಯಕ್ಕೆ ಒಂದು ವರ್ಷ ತಡ ಮಾಡಿದೆ. ಆ ವರ್ಷ ಪೂರ್ತಿ ಮಗು ಸುಮ್ನೆ ನರಳಿತು. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಬೆಳೆಸಿದ ರೀತಿಯಿಂದ ಒಸಿಡಿ ಬರುವುದಿಲ್ಲ. ಅದರಲ್ಲಿ ವಂಶದ ಪಾಲಿದೆ, ಬಾಲ್ಯದಲ್ಲೇ ಶುರುವಾದರೆ ಆ ಪಾಲು ಇನ್ನೂ ಜಾಸ್ತಿ. ಮಿದುಳಿನ ಕೆಲವು ಭಾಗಗಳ ನಡುವೆ ಸಂದೇಶಗಳ ಓಡಾಟವೇ ಬೇರೆ ಥರ ಇರುತ್ತದೆ. ಕೈ ಶುದ್ಧ ಆಗಿದೆ ಅಂತ ಕಣ್ಣಿಗೆ ಕಾಣುತ್ತದೆ, ಆದರೂ "ಸಾಕು" ಅಂತ ಒಳಗೆ ಅನಿಸುವುದೇ ಇಲ್ಲ.

"ಮಗು ಹೇಳಿದ ಹಾಗೆಲ್ಲ ಕೇಳಿದರೆ ಕಾಯಿಲೆ ಬಲಿಯುತ್ತದಲ್ಲ?" ಅನ್ನುತ್ತೀರಿ. ಬಲಿಯುತ್ತದೆ, ನಿಜ. ನಾನೇ ಮಾಡಿದ್ದೇನೆ. ಮಲಗುವಾಗ ಮಗಳು "ಅಮ್ಮಾ, ನಿಂಗೇನೂ ಆಗಲ್ಲ ಅಲ್ವಾ?" ಅಂತ ಕೇಳುತ್ತಿದ್ದಳು. "ಇಲ್ಲ ಪುಟ್ಟಾ, ಏನೂ ಆಗಲ್ಲ" ಅನ್ನಬೇಕು. "ಪುಟ್ಟಾ" ಬಿಟ್ಟುಹೋದರೆ ಮತ್ತೆ ಮೊದಲಿಂದ. ಒಂದೊಂದು ರಾತ್ರಿ ಇಪ್ಪತ್ತು ಸಲ. ಅಳುವ ಮಗುವಿಗೆ ಉತ್ತರ ಕೊಡದೆ ಇರಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಇದು ಕಾಯಿಲೆ ಬಂದ ಮೇಲೆ, ದಾರಿ ಗೊತ್ತಿಲ್ಲದೆ ಮಾಡಿದ್ದು. ಇದರಿಂದ ಕಾಯಿಲೆ ಬಂತು ಅನ್ನಬೇಡಿ.

ದಾರಿ ತೋರಿಸಿದ್ದು ಥೆರಪಿಸ್ಟ್. ಭಯವನ್ನು ಸ್ವಲ್ಪ ಸ್ವಲ್ಪವೇ ಎದುರಿಸಬೇಕು, ಗೀಳು ಹೇಳಿದ್ದನ್ನು ಮಾಡದೆ ತಡೆದುಕೊಳ್ಳಬೇಕು. ಇಆರ್‌ಪಿ ಅನ್ನುತ್ತಾರೆ. ನನ್ನ ಕೆಲಸ ಉತ್ತರ ಕಡಿಮೆ ಮಾಡುವುದು. ಮೊದಲ ವಾರ ಹತ್ತು ಸಲ, ಆಮೇಲೆ ಐದು. "ಇದನ್ನ ಕೇಳ್ತಿರೋದು ಒಸಿಡಿ ಪುಟ್ಟಾ. ಕಷ್ಟ ಅಂತ ಗೊತ್ತು, ನಿನ್ನ ಕೈಲಾಗುತ್ತೆ" ಅಂತ ಹೇಳಿ ಪಕ್ಕದಲ್ಲೇ ಕೂತಿರುತ್ತಿದ್ದೆ. ಮಾತ್ರೆಗೆ ನಾನು ಹೆದರಿದಾಗ ಡಾಕ್ಟರ್ ಅಮೆರಿಕದ 2004ರ ಒಂದು ಅಧ್ಯಯನದ ಬಗ್ಗೆ ಹೇಳಿದರು. 7ರಿಂದ 17 ವರ್ಷದ 112 ಮಕ್ಕಳು. ಥೆರಪಿ, ಸರ್ಟ್ರಾಲಿನ್ ಅನ್ನುವ ಮಾತ್ರೆ ಎರಡೂ ಸಿಕ್ಕವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ 12 ವಾರದಲ್ಲಿ ಲಕ್ಷಣಗಳು ಬಹುಪಾಲು ಇಳಿದಿದ್ದವು. ಆ ಮಾತು ಹಿಡಿದುಕೊಂಡೇ ದಿನ ದೂಡಿದೆ.

ಹೊರಡುವ ಮೊದಲು ಆ ತಾಯಿಯ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು: "ಅಕ್ಕಾ, ಡಾಕ್ಟರೂ ನನ್ನನ್ನೇ ಬೈತಾರಾ?"

ನಾಳೆ ಅವಳ ಜೊತೆ ನಾನೂ ಹೋಗುತ್ತಿದ್ದೇನೆ.